ರಸ್ಸಾ ಮತ್ತು ಹಿಂಸೆಯ ಪಾಲು

ಮಾಂಸವನ್ನು ಬೇಯಿಸಿದರೂ ಸುಟ್ಟರೂ ಅದರೊಳಗಿನದು ಒಂದಿಷ್ಟು ಹೊರಗೆ ಇಳಿಯುತ್ತದೆ: ನೀರು, ಕರಗಿದ ಕೊಬ್ಬು, ಪಾತ್ರೆಯ ತಳಕ್ಕೆ ಹತ್ತಿಕೊಳ್ಳುವ ಕಂದು ಪದರ. ಇವನ್ನು ಚೆಲ್ಲದೆ ಕೂಡಿಸಿಕೊಂಡು ಮಾಡಿದ ಸಾರೇ ರಸ್ಸಾ. ಯುರೋಪಿನ ಮನೆಗಳಲ್ಲಿ ಹುರಿದ ಮಾಂಸದ ಅಡಿಯ ತಟ್ಟೆಗೆ ಸೋರಿದ ಜಿಡ್ಡಿಗೆ ಹಿಟ್ಟು ಸೇರಿಸಿ ಕುದಿಸಿ ಗ್ರೇವಿ ಮಾಡುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಅದೇ ಕೆಲಸವನ್ನು ಅಳಣಿ, ತಾಂಬಡಾ ರಸ್ಸಾ, ಪಾಂಢರಾ ರಸ್ಸಾಗಳು ಮಾಡುತ್ತವೆ. ಅಡುಗೆಯ ಮಟ್ಟಿಗೆ ಇದು ಸರಳ ವಿಷಯ. ಧರ್ಮವಿಚಾರದ ಮಟ್ಟಿಗೆ ಹಾಗಲ್ಲ. ತುಂಡನ್ನು ಮುಟ್ಟದೆ ರಸವನ್ನಷ್ಟೇ ಉಂಡವನು ಮಾಂಸ ಉಂಡಂತೆಯೇ? ಕೊಂದ ಹಿಂಸೆಯಲ್ಲಿ ಅವನಿಗೂ ಪಾಲಿದೆಯೇ? ಈ ಪ್ರಶ್ನೆಯನ್ನು ವೇದದ ಯಜ್ಞಶಾಲೆಯಿಂದ ಹಿಡಿದು ಜೈನ ಶ್ರಾವಕಾಚಾರದವರೆಗೆ ಬೇರೆಬೇರೆ ಕಾಲದವರು ಗಂಭೀರವಾಗಿಯೇ ಕೇಳಿದ್ದಾರೆ. ಅದನ್ನು ಈ ಐದು ತಾಲ್ಲೂಕುಗಳಲ್ಲಿ ಇಟ್ಟು ನೋಡುವುದಕ್ಕೆ ಕಾರಣವಿದೆ. ಮಾಂಸದ ನೆರಳನ್ನೂ ಒಲ್ಲದ ದಿಗಂಬರ ಜೈನ ರೈತರೂ ಲಿಂಗಾಯತರೂ, ದೇವಿಗೆ ಮರಿ ಹರಕೆ ಹೊರುವ ಕುರುಬ, ಮರಾಠ, ದಲಿತ ಮನೆತನಗಳೂ, ಮುಸಲ್ಮಾನರೂ ಇಲ್ಲಿ ಒಂದೇ ಊರಿನಲ್ಲಿ, ಹೊಲಕ್ಕೆ ಹೊಲ ಹತ್ತಿ ಬದುಕುತ್ತಾರೆ. ಒಬ್ಬರ ಒಲೆಯ ವಾಸನೆ ಇನ್ನೊಬ್ಬರ ಅಂಗಳಕ್ಕೆ ಬರುವ ಊರುಗಳಿವು.

ಮೊದಲು ಸೋರುವುದು ಏನು ಎಂಬುದು ತಿಳಿಯಬೇಕು. ಹಸಿ ಮಾಂಸದಿಂದ ಜಿನುಗುವ ಕೆಂಪು ನೀರನ್ನು ಜನ ರಕ್ತವೆಂದೇ ತಿಳಿಯುತ್ತಾರೆ. ಅದು ರಕ್ತವಲ್ಲ. ಕೊಯ್ದಾಗಲೇ ರಕ್ತದ ಬಹುಪಾಲು ಹರಿದುಹೋಗಿರುತ್ತದೆ. ಉಳಿದದ್ದು ಸ್ನಾಯುವಿನೊಳಗಿನ ನೀರು, ಅದಕ್ಕೆ ಬಣ್ಣ ಕೊಡುವುದು ಮಯೋಗ್ಲೋಬಿನ್ ಎಂಬ ಪ್ರೋಟೀನು. ಕಾವು ಏರಿದಂತೆ ಸ್ನಾಯು ಬಿಗಿದು ಈ ನೀರನ್ನು ಹಿಂಡಿ ಹೊರಹಾಕುತ್ತದೆ, ಕೊಬ್ಬು ಕರಗುತ್ತದೆ, ಎಲುಬು ಮತ್ತು ನರದ ಸುತ್ತಲಿನ ಗಟ್ಟಿ ಕೊಲಾಜೆನ್ ತಾಸುಗಟ್ಟಲೆ ಕುದಿದು ಜೆಲಟಿನ್ ಆಗುತ್ತದೆ. ಆರಿದ ಅಳಣಿ ಹೆಪ್ಪುಗಟ್ಟುವುದು ಇದರಿಂದಲೇ. ನೀರಿಲ್ಲದ ಒಣ ಕಾವು 140 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅಮೈನೊ ಆಮ್ಲಗಳೂ ಸಕ್ಕರೆಗಳೂ ಬೇಗಬೇಗ ಕೂಡಿ ಕಂದು ಬಣ್ಣ, ಸುಟ್ಟ ಘಮ ಹುಟ್ಟುತ್ತವೆ. ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಒಟ್ಟಿನಲ್ಲಿ ರಸದಲ್ಲಿರುವುದೆಲ್ಲ ಪ್ರಾಣಿಯ ಮೈಯಿಂದಲೇ ಬಂದದ್ದು. ಬಿಟ್ಟುಹೋದದ್ದು ಆಕಾರ ಮಾತ್ರ.

ಈ ಸೀಮೆಯ ಅಡುಗೆಯಲ್ಲಿ ಅದನ್ನು ಹಂತಹಂತವಾಗಿ ನೋಡಬಹುದು. ತೊಳೆದ ಮಟನ್ನಿಗೆ ಅರಿಸಿನ, ಉಪ್ಪು, ಶುಂಠಿ-ಬೆಳ್ಳುಳ್ಳಿ ಹಚ್ಚಿ, ಪಾತ್ರೆಯಲ್ಲಿ ಒಂದಿಷ್ಟು ಎಣ್ಣೆ ಕಾಯಿಸಿ ಹಾಕುತ್ತಾರೆ. ನೀರು ಹಾಕುವುದಿಲ್ಲ. ಬಾಯಿಗೆ ತಾಟು ಮುಚ್ಚಿ ಆ ತಾಟಿನ ಮೇಲೆ ನೀರು ನಿಲ್ಲಿಸುತ್ತಾರೆ. ಒಳಗಿನ ಉಗಿ ತಾಟಿನ ಅಡಿಗೆ ತಾಗಿ ತಣಿದು ಮತ್ತೆ ಮಾಂಸದ ಮೇಲೆಯೇ ಬೀಳುತ್ತದೆ, ಮಾಂಸ ತನ್ನ ನೀರಿನಲ್ಲೇ ಬೇಯತೊಡಗುತ್ತದೆ. ತಾಟಿನ ಮೇಲಿನ ನೀರು ಕಾದ ಮೇಲೆ ಅದನ್ನೇ ಒಳಗೆ ಸುರಿದು, ಎಲುಬು ಬಿಡುವ ತನಕ ಕುದಿಸುತ್ತಾರೆ. ಹೀಗೆ ಇಳಿದ ಖಾರವಿಲ್ಲದ ತಿಳಿಸಾರೇ ಅಳಣಿ. ಹಡೆದವರಿಗೆ, ಕೂಸುಗಳಿಗೆ, ಜ್ವರದಿಂದ ಎದ್ದವರಿಗೆ ಮೊದಲ ಬಟ್ಟಲು ಇದರದು. ಉಳಿದ ಅಳಣಿಯಲ್ಲಿ ಒಂದು ಪಾಲಿಗೆ ಕೊಬ್ಬರಿ ಹಾಲು, ಎಳ್ಳು, ಗಸಗಸೆ ಅರೆದು ಹಾಕಿದರೆ ಪಾಂಢರಾ. ಇನ್ನೊಂದಕ್ಕೆ ಸುಟ್ಟ ಉಳ್ಳಾಗಡ್ಡಿ, ಒಣಕೊಬ್ಬರಿ, ಸಂಕೇಶ್ವರಿ ಮೆಣಸಿನಕಾಯಿ ಕೂಡಿದರೆ ತಾಂಬಡಾ. ಬೆಂದ ತುಂಡುಗಳನ್ನು ಬೇರೆ ಬಾಣಲೆಯಲ್ಲಿ ಮಸಾಲೆಯೊಡನೆ ಒಣಗಿಸಿ ಸುಕ್ಕಾ ಮಾಡುವಾಗ ತಳಕ್ಕೆ ಕಂದು ಪದರ ಹತ್ತುತ್ತದೆ. ಅದನ್ನು ಕೆರೆದು ಬಿಸಾಕುವವರಿಲ್ಲ. ಒಂದು ಸೌಟು ಅಳಣಿ ಸುರಿದು ಕೆರೆದು ಬಿಡಿಸಿ ರಸ್ಸಾಕ್ಕೆ ಕೂಡಿಸುತ್ತಾರೆ. ಮರಿಯ ತಲೆ-ಕಾಲನ್ನು ಬೆಂಕಿಯಲ್ಲಿ ಸುಟ್ಟು, ಕೂದಲು ಹೆರೆದು ಬೇಯಿಸುವ ಪದ್ಧತಿಯಲ್ಲೂ ಮುಖ್ಯವಾದದ್ದು ಸುಟ್ಟ ಚರ್ಮದ ಘಮ ಹೊತ್ತ ಆ ಸಾರೇ. ಒಂದು ಕಿಲೊ ಮಟನ್ನು ಸುಕ್ಕಾ ಆದರೆ ಐದಾರು ಮಂದಿಗೆ ಮುಗಿಯುತ್ತದೆ, ರಸ್ಸಾ ಆದರೆ ಅದರ ಮೂರು ಪಟ್ಟು ಮಂದಿ ರೊಟ್ಟಿ ಮುರಿದು ಅದ್ದಿಕೊಂಡು ಉಣ್ಣುತ್ತಾರೆ. ಧರ್ಮದ ಪ್ರಶ್ನೆ ಬರುವುದೂ ಇಲ್ಲಿಂದಲೇ. ತುಂಡು ಕೆಲವರ ಪಾಲು, ರಸ ಎಲ್ಲರ ಪಾಲು.

ಸೋರುವ ಹನಿಯ ಕುರಿತು ಭಾರತದಲ್ಲಿ ಸಿಗುವ ಅತ್ಯಂತ ಹಳೆಯ ಮಾತು ಋಗ್ವೇದದ್ದು. ಅದರ ಮೊದಲ ಮಂಡಲದ 162ನೆಯ ಸೂಕ್ತ ಅಶ್ವಮೇಧದ ಕುದುರೆಯನ್ನು ಕುರಿತದ್ದು. ಶೂಲಕ್ಕೆ ಚುಚ್ಚಿ ಸುಡುವಾಗ ಕುದುರೆಯ ಅಂಗದಿಂದ ಇಳಿಯುವ ರಸ ನೆಲಕ್ಕೂ ಹುಲ್ಲಿಗೂ ಬಿದ್ದು ಹಾಳಾಗದಿರಲಿ, ಬಯಸುವ ದೇವತೆಗಳಿಗೆ ಅದು ಸಲ್ಲಲಿ ಎಂಬ ಪ್ರಾರ್ಥನೆ ಅಲ್ಲಿದೆ. ಸಾರು ಸುರಿಯುವ ಪಾತ್ರೆಗಳನ್ನೂ ಅದೇ ಸೂಕ್ತ ಹೆಸರಿಸುತ್ತದೆ. ಮೂರನೆಯ ಮಂಡಲದ 21ನೆಯ ಸೂಕ್ತವಂತೂ ಬೆಂಕಿಗೆ ಬೀಳುವ ಕೊಬ್ಬಿನ ಹನಿಗಳಿಗೇ ಮೀಸಲು. ಐತರೇಯ ಬ್ರಾಹ್ಮಣ ಇದನ್ನು ವಿಧಿಯಾಗಿ ವಿವರಿಸುತ್ತದೆ: ಪಶುವಿನ ವಪೆಯನ್ನು (ಹೊಟ್ಟೆಯೊಳಗಿನ ಕೊಬ್ಬಿನ ಪದರವನ್ನು) ಸುಡುವಾಗ ತೊಟ್ಟಿಕ್ಕುವ ಹನಿಗಳು ಮಂತ್ರವಿಲ್ಲದೆ ಹಾಗೆಯೇ ದೇವತೆಗಳಿಗೆ ಹೋಗಬಾರದು, ಆದ್ದರಿಂದ ಅವುಗಳಿಗೆಂದೇ ಬೇರೆ ಮಂತ್ರ ಹೇಳಬೇಕು. ಈ ದೃಷ್ಟಿಯಲ್ಲಿ ಹನಿಗೂ ಒಡೆಯನಿದ್ದಾನೆ. ಕೊಂದ ಮೇಲೆ ಆ ಪ್ರಾಣಿಯ ಯಾವ ಅಂಶವೂ ಯಾರದೂ ಅಲ್ಲದ್ದಾಗಿ ಉಳಿಯುವಂತಿಲ್ಲ.

ಬೇರೆ ದೇಶಗಳ ಯಜ್ಞವಿಧಿಗಳೂ ಇದೇ ಜಾಗದಲ್ಲಿ ಎಚ್ಚರವಹಿಸಿವೆ. ಯಹೂದಿಗಳ ಲೇವಿಯ ಗ್ರಂಥ ಬಲಿಪಶುವಿನ ಕೊಬ್ಬು ದೇವರದು, ಮನುಷ್ಯರು ಕೊಬ್ಬನ್ನೂ ರಕ್ತವನ್ನೂ ತಿನ್ನಬಾರದು ಎನ್ನುತ್ತದೆ. ಪ್ರಾಣ ರಕ್ತದಲ್ಲಿದೆ ಎಂಬುದು ರಕ್ತದ ನಿಷೇಧಕ್ಕೆ ಅದು ಕೊಡುವ ಕಾರಣ. ಕುರಾನು ನಿಷೇಧಿಸುವುದು ಹರಿದುಬಿದ್ದ ರಕ್ತವನ್ನು. ಮಾಂಸದೊಳಗೆ ಉಳಿದ ತೇವಕ್ಕೆ ಆ ನಿಷೇಧ ತಟ್ಟುವುದಿಲ್ಲವೆಂದು ಧರ್ಮಶಾಸ್ತ್ರಜ್ಞರು ಅರ್ಥಮಾಡಿದ್ದಾರೆ. ನಿಪ್ಪಾಣಿಯ ಮುಸಲ್ಮಾನ ಮನೆಯಲ್ಲಿ ಹಲಾಲ್ ಮಾಡಿ ರಕ್ತ ಬಸಿದ ಮೇಲೆ ಪಾತ್ರೆಯಲ್ಲಿ ಜಿನುಗುವ ಕೆಂಪು ನೀರಿಗೆ ಯಾರೂ ಅಂಜುವುದಿಲ್ಲ. ಮಯೋಗ್ಲೋಬಿನ್ನಿನ ಹೆಸರು ಹುಟ್ಟುವುದಕ್ಕೆ ಬಹಳ ಹಿಂದೆಯೇ ಧರ್ಮಶಾಸ್ತ್ರ ಆ ಎರಡನ್ನೂ ಬೇರೆ ಮಾಡಿತ್ತು.

ಯಜ್ಞದಲ್ಲಿ ಕೊಂದದ್ದು ಕೊಂದದ್ದಲ್ಲ ಎಂಬ ವಾದ ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿದೆ. ಅದೇ ಅಧ್ಯಾಯದಲ್ಲಿ ಅದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ಮಾತೂ ಇದೆ. ಕೊಲ್ಲಲು ಒಪ್ಪಿದವನು, ಕೊಂದವನು, ತುಂಡು ಮಾಡಿದವನು, ಕೊಂಡವನು, ಮಾರಿದವನು, ಅಡುಗೆ ಮಾಡಿದವನು, ಬಡಿಸಿದವನು, ಉಂಡವನು, ಎಲ್ಲರೂ ಕೊಲೆಗಾರರೇ ಎಂದು 51ನೆಯ ಶ್ಲೋಕ ಎಣಿಸುತ್ತದೆ. ಪಾಪ ಕತ್ತಿ ಹಿಡಿದ ಕೈಯಲ್ಲೇ ನಿಲ್ಲದೆ ಸೌಟು ಹಿಡಿದ ಕೈಗೂ ಬಟ್ಟಲು ಹಿಡಿದ ಕೈಗೂ ಹರಿದುಬರುತ್ತದೆ. ಈ ಎರಡು ಮಾತುಗಳನ್ನು ಒಂದೇ ಗ್ರಂಥದಲ್ಲಿ ಹೊಂದಿಸುವುದು ಕಷ್ಟ, ಹೊಂದಿಸುವ ಪ್ರಯತ್ನಗಳೂ ಅಷ್ಟಾಗಿ ಗೆದ್ದಿಲ್ಲ. ಆದರೆ ಪಾಲು ಹೇಗೆ ಹರಿಯುತ್ತದೆ ಎಂಬುದನ್ನು ಆ ಪಟ್ಟಿ ಸ್ಪಷ್ಟವಾಗಿ ಹೇಳುತ್ತದೆ.

ಬೌದ್ಧರ ವಿನಯಪಿಟಕದಲ್ಲಿ ಪ್ರಶ್ನೆ ನೇರವಾಗಿ ಒಂದು ಬಟ್ಟಲು ಮಾಂಸರಸದಿಂದಲೇ ಏಳುತ್ತದೆ. ವಾರಾಣಸಿಯ ಸುಪ್ಪಿಯಾ ಎಂಬ ಉಪಾಸಿಕೆ ಕಾಯಿಲೆ ಬಿದ್ದ ಭಿಕ್ಷುವಿಗೆ ಮಾಂಸದ ಸಾರು ಕಳಿಸುವುದಾಗಿ ಮಾತು ಕೊಡುತ್ತಾಳೆ. ಅಂದು ಪೇಟೆಯಲ್ಲಿ ಎಲ್ಲೂ ಮಾಂಸ ಸಿಗುವುದಿಲ್ಲ. ಕೊಟ್ಟ ಮಾತಿಗೆ ತಪ್ಪಬಾರದೆಂದು ಆಕೆ ತನ್ನ ತೊಡೆಯನ್ನೇ ಕೊಯ್ದು ಸಾರು ಮಾಡಿಸುತ್ತಾಳೆ. ಭಿಕ್ಷು ಕೇಳದೆ ಉಣ್ಣುತ್ತಾನೆ. ವಿಷಯ ತಿಳಿದ ಬುದ್ಧ ಆ ಭಿಕ್ಷುವನ್ನು ಗದರಿಸಿ ಮನುಷ್ಯ ಮಾಂಸವನ್ನು ನಿಷೇಧಿಸುತ್ತಾನೆ, ಜೊತೆಗೆ ವಿಚಾರಿಸದೆ ಮಾಂಸ ಉಣ್ಣಬಾರದೆಂಬ ನಿಯಮವನ್ನೂ ಮಾಡುತ್ತಾನೆ. ತನಗಾಗಿ ಕೊಂದದ್ದೆಂದು ನೋಡಿರದ, ಕೇಳಿರದ, ಸಂಶಯವೂ ಬಾರದ ಮಾಂಸ ಭಿಕ್ಷುವಿಗೆ ಸಲ್ಲುತ್ತದೆ ಎಂಬ ಮೂರು ಬಗೆಯ ಶುದ್ಧಿಯ ನಿಯಮವೂ ವಿನಯಪಿಟಕದಲ್ಲಿದೆ. ಸುಪ್ಪಿಯಾಳ ಕಥೆ ಅದಕ್ಕೆ ಕೂಡಿಸುವ ಮಾತು ಬೇರೆ. ತುಂಡನ್ನು ನೋಡಿ ಯಾವ ಪ್ರಾಣಿಯದೆಂದು ಊಹಿಸಬಹುದು, ರಸವನ್ನು ನೋಡಿ ಊಹಿಸಲಾಗದು. ಆಕಾರ ಕಳೆದದ್ದಕ್ಕೇ ಕೇಳುವ ಹೊಣೆ ಹೆಚ್ಚುತ್ತದೆ.

ಜೈನರ ಉತ್ತರ ಇವೆಲ್ಲಕ್ಕಿಂತ ಕಟ್ಟುನಿಟ್ಟು. ಅದು ಈ ಐದು ತಾಲ್ಲೂಕುಗಳಲ್ಲಿ ಪುಸ್ತಕದ ಮಾತಾಗಿ ಉಳಿದಿಲ್ಲ. ಸವದತ್ತಿಯ ರಟ್ಟರ ಆಶ್ರಯದಲ್ಲಿ ಈ ಭಾಗದಲ್ಲಿ ಬಸದಿಗಳು ಬೆಳೆದವು. ಇಲ್ಲಿಯ ಜೈನರಲ್ಲಿ ಬಹುಪಾಲು ಚತುರ್ಥ, ಪಂಚಮ ಪಂಗಡಗಳ ಒಕ್ಕಲಿಗರು, ಅಂಗಡಿಗಿಂತ ನೇಗಿಲಿಗೆ ಹತ್ತಿರದವರು. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮತ್ತೆ ಜೀವ ತುಂಬಿದ ಆಚಾರ್ಯ ಶಾಂತಿಸಾಗರರು (1872-1955) ಇದೇ ಸೀಮೆಯ ಭೋಜ ಗ್ರಾಮದ ರೈತ ಮನೆತನದವರು, ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟವರು. ಆಚಾರ್ಯ ವಿದ್ಯಾನಂದರು ಶೇಡಬಾಳದವರು. 1946ರಲ್ಲಿ ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರುವರಿಯಲ್ಲಿ ಡೋಂಗರಗಢದಲ್ಲಿ ಸಲ್ಲೇಖನ ಪೂರೈಸಿದರು. ಆಹಾರವನ್ನೇ ಪೂರ್ತಿ ಬಿಡುವುದನ್ನು ಬದುಕಿನ ಕೊನೆಯ ಸಾಧನೆಯಾಗಿ ಕಾಣುವ ಪರಂಪರೆಗೆ ಏನು ಉಣ್ಣಬೇಕು ಎಂಬುದು ಸಣ್ಣ ಪ್ರಶ್ನೆಯಾಗಿರಲು ಸಾಧ್ಯವಿಲ್ಲ.

ಶ್ರಾವಕ, ಅಂದರೆ ವ್ರತ ಹಿಡಿದ ಜೈನ ಗೃಹಸ್ಥ, ಆಗುವುದಕ್ಕೆ ಮೊದಲ ಮೆಟ್ಟಿಲು ಅಷ್ಟ ಮೂಲಗುಣ. ಮದ್ಯ, ಮಾಂಸ, ಮಧು ಮತ್ತು ಅತ್ತಿ, ಆಲ, ಅರಳಿ ಮೊದಲಾದ ಐದು ಉದುಂಬರ ಫಲಗಳ ತ್ಯಾಗವೇ ಆ ಎಂಟು. ಮಾಂಸ ಏಕೆ ಬಿಡಬೇಕೆಂಬುದಕ್ಕೆ ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯ ಎರಡು ಹಂತದ ಉತ್ತರ ಕೊಡುತ್ತದೆ. ಪ್ರಾಣಿಯನ್ನು ಕೊಲ್ಲದೆ ಮಾಂಸ ಸಿಗದು ಎಂಬುದು ಮೊದಲನೆಯದು. ಸಹಜವಾಗಿ ಸತ್ತ ಎಮ್ಮೆ, ಎತ್ತಿನ ಮಾಂಸವಾದರೆ ದೋಷವಿಲ್ಲವಲ್ಲ ಎಂಬ ವಾದಕ್ಕೆ ಎರಡನೆಯದು: ಹಸಿಯಾಗಿರಲಿ, ಬೇಯುತ್ತಿರಲಿ, ಬೆಂದಿರಲಿ, ಮಾಂಸದಲ್ಲಿ ನಿಗೋದ ಎಂಬ ಅತಿ ಸೂಕ್ಷ್ಮ ಜೀವಿಗಳು ಸದಾ ಹುಟ್ಟುತ್ತಲೇ ಇರುತ್ತವೆ. ಅದನ್ನು ತಿನ್ನುವವನು ಮಾತ್ರವಲ್ಲ, ಮುಟ್ಟುವವನೂ ಅವುಗಳನ್ನು ಕೊಲ್ಲುತ್ತಾನೆ. ಇಲ್ಲಿ ರಸಕ್ಕೆ ಬೇರೆ ವಿನಾಯಿತಿ ಇಲ್ಲ, ಇರಲು ಕಾರಣವೂ ಇಲ್ಲ. ಸತ್ತ ಪ್ರಾಣಿಯ ಮೈಗೆ ಸೇರಿದ್ದೆಲ್ಲ ಒಂದೇ ತಕ್ಕಡಿಗೆ ಬೀಳುತ್ತದೆ.

ಹಾಗಾದರೆ ನೇಗಿಲು ಹೂಡಿದಾಗ ಸಾಯುವ ಹುಳುಗಳ ಗತಿ ಏನು? ಇದು ಜೈನ ರೈತನಿಗೆ ಹೊರಗಿನವರು ಹಾಕುವ ಪ್ರಶ್ನೆ, ಅವನು ತನಗೆ ತಾನೇ ಹಾಕಿಕೊಂಡು ಬಂದ ಪ್ರಶ್ನೆಯೂ ಹೌದು. ಶಾಸ್ತ್ರ ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಕೊಲ್ಲಬೇಕೆಂದೇ ಕೊಂದರೆ ಸಂಕಲ್ಪಿ ಹಿಂಸೆ. ಅಡುಗೆ, ಕಸಗುಡಿಸುವಂಥ ಮನೆಗೆಲಸದಲ್ಲಿ ಆಗುವುದು ಆರಂಭಿ. ಒಕ್ಕಲುತನ, ವ್ಯಾಪಾರದಂಥ ಜೀವನೋಪಾಯದಲ್ಲಿ ಆಗುವುದು ಉದ್ಯೋಗಿ. ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಆಗುವುದು ವಿರೋಧಿ. ಗೃಹಸ್ಥನು ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದ ಮೂರನ್ನು ಆದಷ್ಟು ತಗ್ಗಿಸಬೇಕು. ನೇಗಿಲಿನ ಗೆರೆಯಲ್ಲಿ ಸತ್ತ ಹುಳು ಸಂಕಲ್ಪಕ್ಕೆ ಬರುವುದಿಲ್ಲ. ಹರಕೆಯ ಮರಿ ಬರುತ್ತದೆ. ಈ ವಿಂಗಡಣೆಯಲ್ಲಿ ರೈತನ ಅನುಕೂಲ ಇಲ್ಲವೆಂದಲ್ಲ. ಆದರೂ ಇದು ನುಣುಚಿಕೊಳ್ಳುವ ದಾರಿಯಾಗಲಿಲ್ಲ ಎಂಬುದಕ್ಕೆ ಕತ್ತಲಾಗುವ ಮುನ್ನ ಊಟ ಮುಗಿಸುವ, ನೀರು ಸೋಸಿ ಕುಡಿಯುವ ರೂಢಿಗಳು ಈ ಊರುಗಳ ಮನೆಗಳಲ್ಲಿ ಇಂದಿಗೂ ಸಾಕ್ಷಿ.

ಸಂಕಲ್ಪದ ತೂಕವನ್ನು ಕನ್ನಡದಲ್ಲಿ ಎಲ್ಲರಿಗಿಂತ ಆಳವಾಗಿ ತೋರಿಸಿದ್ದು ಜನ್ನನ ಯಶೋಧರ ಚರಿತೆ (1209). ಹೆಂಡತಿ ಅಮೃತಮತಿ ಕೈಬಿಟ್ಟ ದುಃಖವನ್ನು ಕೆಟ್ಟ ಕನಸಿನ ಮಾತಾಗಿ ಮರೆಸಿ ಹೇಳಿದ ಅರಸ ಯಶೋಧರನಿಗೆ ತಾಯಿ ಚಂದ್ರಮತಿ ಬಲಿ ಕೊಡು ಎನ್ನುತ್ತಾಳೆ. ಜೀವ ತೆಗೆಯಲು ಮಗ ಒಪ್ಪುವುದಿಲ್ಲ. ತಾಯಿ-ಮಗನ ನಡುವಿನ ರಾಜಿಯಾಗಿ ಹಿಟ್ಟಿನ ಕೋಳಿಯ ಬಲಿ ನಡೆಯುತ್ತದೆ. ಆ ಒಂದು ಏಟಿಗೆ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಕೊಲೆಯಾಗುತ್ತಾರೆ. ಸೋಮದೇವನ ಯಶಸ್ತಿಲಕವೂ (959) ಸೇರಿದ ಈ ಕಥಾಪರಂಪರೆಯಲ್ಲಿ ಪ್ರಾಣಿಯಾಗಿ ಹುಟ್ಟಿದ ಅರಸನ ಮಾಂಸ ಅವನದೇ ಶ್ರಾದ್ಧದ ಅಡುಗೆಗೆ ಹೋಗುವ ಭಯಾನಕ ಸಂದರ್ಭವೂ ಇದೆ. ಗಿರೀಶ ಕಾರ್ನಾಡರ ಹಿಟ್ಟಿನ ಹುಂಜ ನಾಟಕ ಹುಟ್ಟಿದ್ದು ಈ ಕಥೆಯಿಂದ. ಮಾಂಸವೇ ಇಲ್ಲದ ಕೋಳಿಯೂ ಕಟ್ಟಿಹಾಕುತ್ತದೆ ಎಂದಾದರೆ, ಮಾಂಸದ ತುಂಡಿಲ್ಲದ ರಸ ಬಿಟ್ಟುಬಿಡುತ್ತದೆ ಎಂಬ ವಾದ ನಿಲ್ಲುವುದಿಲ್ಲ. ವಸ್ತು ಎಷ್ಟಿದೆ ಎಂಬುದಲ್ಲ, ಮನಸ್ಸು ಎತ್ತ ವಾಲಿದೆ ಎಂಬುದು ಜನ್ನನ ಲೆಕ್ಕ.

ಕನ್ನಡ ನಾಡಿನಲ್ಲಿ ಈ ವಾದ ಅಡುಗೆ, ಔಷಧಗಳಿಗೂ ಹಬ್ಬಿತು. ಆಯುರ್ವೇದದ ಹಳೆಯ ಸಂಹಿತೆಗಳು ಕ್ಷಯ, ನಿಶ್ಶಕ್ತಿಗಳಿಗೆ ಮಾಂಸರಸವನ್ನು ಹೇಳುತ್ತವೆ. ಜೈನ ವೈದ್ಯ ಉಗ್ರಾದಿತ್ಯ ತನ್ನ ಕಲ್ಯಾಣಕಾರಕದಲ್ಲಿ ಮಾಂಸ, ಮದ್ಯ, ಜೇನು ಇಲ್ಲದೆ ಚಿಕಿತ್ಸೆಯನ್ನು ಕಟ್ಟಿದ, ರಾಷ್ಟ್ರಕೂಟ ನೃಪತುಂಗನ ಸಭೆಯಲ್ಲಿ ಮಾಂಸಾಹಾರದ ನಿಷ್ಪ್ರಯೋಜಕತೆಯನ್ನು ವಾದಿಸಿದ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಕಬ್ಬಿಣದ ಸಲಾಕೆಗೆ ಚುಚ್ಚಿ ಕೆಂಡದ ಮೇಲೆ ಸುಡುವ ಭಡಿತ್ರಕದಂಥ ಮಾಂಸದ ಅಡುಗೆಗಳನ್ನು ಬಿಚ್ಚಿ ಹೇಳಿದರೆ, 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ಸೂಪಶಾಸ್ತ್ರ, ಕವಿ ಜೈನನಾದ್ದರಿಂದ, ಸಸ್ಯಾಹಾರದ ಆಚೆ ಕಾಲಿಡುವುದಿಲ್ಲ. ಒಂದೇ ನಾಡಿನ ಎರಡು ಅಡುಗೆಮನೆಗಳು ಇವು.

ಲಿಂಗಾಯತರ ನಿಲುವಿನ ಆಧಾರ ಬೇರೆ. ಅಲ್ಲಿ ಉಣ್ಣುವುದೆಲ್ಲ ಇಷ್ಟಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗಬೇಕು. ಅರ್ಪಿಸಲಾಗದ್ದು ತುಂಡಾದರೇನು, ರಸವಾದರೇನು. ಹರಕೆಗೆ ತಂದ ಕುರಿ ತನ್ನ ಸಾವಿನ ಹಬ್ಬಕ್ಕೆ ಕಟ್ಟಿದ ತೋರಣದ ತಳಿರನ್ನೇ ಮೇಯುವ ದೃಶ್ಯವನ್ನು ಬಸವಣ್ಣ ಒಂದು ವಚನದಲ್ಲಿ ಇಟ್ಟಿದ್ದಾನೆ. ಆ ಕುರಿಯ ಅರಿಯದ ಹಸಿವು ಓದಿದವರನ್ನು ಬಿಡುವುದಿಲ್ಲ. ಮುರುಘೇಂದ್ರ ಶಿವಯೋಗಿಗಳ ನೆಲೆಯಾದ ಅಥಣಿಯಲ್ಲಿ ಈ ಪ್ರಸಾದದ ಶಿಸ್ತು ಮನೆಮನೆಯ ಬದುಕಾಗಿದೆ.

ಈ ಎಲ್ಲದರ ಎದುರಿಗೆ ಜಾತ್ರೆಯ ಧರ್ಮ ನಿಂತಿದೆ. ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕ ದೇವಿಯ ಜಾತ್ರೆಗೆ ಭಾರತ ಹುಣ್ಣಿಮೆಯ ಹೊತ್ತಿಗೆ ಕೊಲ್ಲಾಪುರ, ಸಾಂಗಲಿ ಕಡೆಯಿಂದಲೂ ಭಕ್ತರು ಗಾಡಿ ಕಟ್ಟಿಕೊಂಡು ಬರುತ್ತಾರೆ. ಅಥಣಿ ತಾಲ್ಲೂಕಿನ ಕೋಕಟನೂರ ಯಲ್ಲಮ್ಮನ ಜಾತ್ರೆಯೂ ದೊಡ್ಡದು. ಈ ಸೀಮೆಯಲ್ಲಿ ದೇವಿಗೆ ಮೊದಲು ಹೋಳಿಗೆಯ ಸಿಹಿ ನೈವೇದ್ಯ, ಆಮೇಲೆ ಖಾರದ ನೈವೇದ್ಯ ಎಂಬ ಕ್ರಮವನ್ನು ಅನೇಕ ಮನೆತನಗಳು ಪಾಲಿಸುತ್ತವೆ. ಕೂಸು ಬದುಕಲಿ, ಎತ್ತಿನ ಬ್ಯಾನಿ ಹೋಗಲಿ ಎಂದು ಬೇಡಿಕೊಂಡವರು ಮರಿ ಬಿಡುತ್ತಾರೆ. ವರ್ಷಗಟ್ಟಲೆ ಅಂಗಳದಲ್ಲಿ ಹೆಸರಿಟ್ಟು ಸಾಕಿದ ಪ್ರಾಣಿ ಅದು. ಇಲ್ಲಿ ಕೊಲ್ಲುವುದು ಬಚ್ಚಿಟ್ಟ ಕೆಲಸವಲ್ಲ. ಮನೆಯವರೆಲ್ಲ ಕಣ್ಣೆದುರೇ ನೋಡುತ್ತಾರೆ, ಕೆಲವರು ಅಳುತ್ತಾರೆ. ಕೊಂದ ಮೇಲೆ ಹಂಚದೆ ಉಣ್ಣುವಂತಿಲ್ಲ. ಬೀಗರು, ನೆರೆಯವರು, ಹಾದಿಹೋಕರು ಬರುತ್ತಾರೆ, ಮಂದಿ ಹೆಚ್ಚಿದಂತೆ ರಸ್ಸಾಕ್ಕೆ ನೀರು ಹೆಚ್ಚುತ್ತದೆ. ಅನೇಕ ಊರುಗಳಲ್ಲಿ ಎಲ್ಲ ಜಾತಿಯವರ ಮರಿಯನ್ನೂ ಕೊಯ್ಯುವವನು ಊರ ಮುಲ್ಲಾ. ಹೀಗಾಗಿ ದೇವಿಯ ಹರಕೆಯ ಮರಿಯ ರಸ ಮುಸಲ್ಮಾನನಿಗೂ ಉಣ್ಣತಕ್ಕದ್ದಾಗುತ್ತದೆ. ಸಾರು ಮಾಡುವಾಗ ನೀರು ಹೆಚ್ಚಿಗೆ ಹಾಕಿ ನೆರೆಯವರಿಗೂ ಕೊಡು ಎಂದು ಪೈಗಂಬರರು ತಮ್ಮ ಸಂಗಡಿಗ ಅಬೂ ಜರ್‌ಗೆ ಹೇಳಿದ್ದನ್ನು ಸಹೀಹ್ ಮುಸ್ಲಿಂ ಸಂಗ್ರಹ ದಾಖಲಿಸುತ್ತದೆ. ಜಾತ್ರೆಯ ಬಯಲಲ್ಲಿ ಒಲೆ ಹೂಡಿದವರು ಆ ಮಾತು ಕೇಳದೆಯೂ ಅದನ್ನೇ ಮಾಡುತ್ತಾರೆ.

ಜಾತ್ರೆಯ ಧರ್ಮದ ಬಲ ಇಲ್ಲಿದೆ: ಕೊಂದದ್ದನ್ನು ಅದು ಒಪ್ಪಿಕೊಳ್ಳುತ್ತದೆ, ಒಪ್ಪಿಕೊಂಡದ್ದನ್ನು ಹಂಚುತ್ತದೆ, ಹನಿಯೂ ಹಾಳಾಗದಂತೆ ನೋಡಿಕೊಳ್ಳುತ್ತದೆ. ಈ ಕೊನೆಯ ಮಾತಿನಲ್ಲಿ ಅದು ಋಗ್ವೇದದ ಆ ಸೂಕ್ತದ ಹತ್ತಿರದ ನೆಂಟ. ಆದರೆ ಹಂಚುವುದರಿಂದ ಹಿಂಸೆ ಕಡಿಮೆಯಾಗುತ್ತದೆಯೇ? ಹಂಚಿ ಉಂಡರೆ ಕೊಲ್ಲಬೇಕಾದ ಮರಿಗಳ ಎಣಿಕೆ ತಗ್ಗುತ್ತದೆ, ಅದು ಸುಳ್ಳಲ್ಲ. ಒಂದು ಮರಿಯ ಸಾವು ಮಾತ್ರ ಆ ಮರಿಗೆ ಪೂರ್ತಿಯೇ. ಐದು ಮಂದಿ ಉಂಡರೂ ಐವತ್ತು ಮಂದಿ ಉಂಡರೂ ಅದಕ್ಕೆ ಹೋದದ್ದು ಒಂದೇ ಜೀವ. ಹಂಚಿಕೆ ಉಣ್ಣುವವರ ನಡುವಿನ ನ್ಯಾಯ. ಕೊಂದವರಿಗೂ ಸತ್ತದ್ದಕ್ಕೂ ನಡುವಿನ ನ್ಯಾಯ ಅದರಿಂದ ಮುಗಿಯುವುದಿಲ್ಲ. ಅಮೃತಚಂದ್ರರ ಪ್ರಶ್ನೆಗೆ ಜಾತ್ರೆಯ ಬಳಿ ಉತ್ತರವಿಲ್ಲ ಎಂಬುದನ್ನು ಒಪ್ಪಲೇಬೇಕು.

ಸರ್ಕಾರ ಇದರಲ್ಲಿ ಕೈಹಾಕಿದ್ದು 1959ರ ಪ್ರಾಣಿಬಲಿ ಪ್ರತಿಬಂಧಕ ಕಾಯಿದೆಯಿಂದ. ಗುಡಿಯ ಆವರಣದಲ್ಲಿ, ಪೂಜೆಯ ಹೆಸರಿನಲ್ಲಿ ಸಾರ್ವಜನಿಕವಾಗಿ ಬಲಿ ಕೊಡುವುದು ಅಪರಾಧವಾಯಿತು. ಜಾತ್ರೆ ಬಂತೆಂದರೆ ಪೊಲೀಸ್ ಬಂದೋಬಸ್ತು, ದಯಾಸಂಘಗಳ ಪ್ರಚಾರ, ಫಲಕಗಳು. ಕಾಯಿದೆ ಬಲಿಯನ್ನು ನೋಡಿತು, ಊಟವನ್ನು ನೋಡಲಿಲ್ಲ. ಅಂಗಡಿಯಿಂದ ತಂದ ಮಟನ್ನಿನ ರಸ್ಸಾಕ್ಕೆ ಅದರ ತಕರಾರಿಲ್ಲ. ಗುಡಿಯ ಮುಂದೆ ಕಣ್ಣೆದುರಿಗೆ ಒಂದು ಸಾವು ತಪ್ಪಿ, ಅದೇ ಸಾವು ಕಸಾಯಿಖಾನೆಯ ಗೋಡೆಯ ಹಿಂದೆ ಸರಿದರೆ ಪ್ರಾಣಿಗೆ ಬಂದ ಲಾಭ ಏನೂ ಇಲ್ಲ. ಸಾವನ್ನು ಕಾಣದೆ ಉಣ್ಣುವ ಅನುಕೂಲವಷ್ಟೇ ಉಣ್ಣುವವನಿಗೆ ಹೆಚ್ಚಿತು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮಾಂಸವನ್ನು ಪೂರ್ತಿ ಬಿಡುವುದಕ್ಕೂ ಕೊಂದು ಹಂಚಿ ಉಣ್ಣುವುದಕ್ಕೂ ನಡುವಿನ ದಾರಿ. ಪಂಕ್ತಿಯಲ್ಲಿ ಕೂತು ‘ಖಂಡ ಬ್ಯಾಡ್ರಿ, ಬರೇ ರಸಾ ಹಾಕ್ರಿ’ ಎನ್ನುವವರು ಈ ಸೀಮೆಯಲ್ಲಿ ಎಲ್ಲ ಊರುಗಳಲ್ಲೂ ಸಿಗುತ್ತಾರೆ. ಗೆಳೆತನಕ್ಕೆ ಕಟ್ಟುಬಿದ್ದು ಬಂದವರು, ಮನೆಯಲ್ಲಿ ಒಪ್ಪದವರು, ಮಾಂಸ ಬಿಟ್ಟೆನೆಂದು ಹರಕೆ ಹೊತ್ತು ರುಚಿ ಬಿಡಲಾಗದವರು. ಮನು ಕೊಟ್ಟ ಪಟ್ಟಿಯಲ್ಲಿ ಇವರಿಗೆ ಬೇರೆ ಸಾಲಿಲ್ಲ. ವಿನಯದ ನಿಯಮದಲ್ಲಿ ಇವರು ಕೇಳಿ ತಿಳಿದೂ ಉಂಡವರು. ಜೈನ ಶಾಸ್ತ್ರದಲ್ಲಿ ಸಂಕಲ್ಪ ಉಳ್ಳವರು. ಪಾಕಶಾಸ್ತ್ರದ ಕಣ್ಣಿನಿಂದ ನೋಡಿದರೂ ಮರಿಯ ಸಾರದ ಒಂದು ಪಾಲು ಇಳಿದದ್ದು ಇವರ ಬಟ್ಟಲಿಗೇ. ಮಾಂಸವನ್ನು ಪೂರ್ತಿ ಬಿಟ್ಟವನ ನಿಲುವಿಗೆ ತರ್ಕದ ಬೆಂಬಲವಿದೆ, ಕೊಂದು ಒಪ್ಪಿಕೊಂಡು ಹಂಚಿ ಉಂಡವನ ನಿಲುವಿಗೆ ಪ್ರಾಮಾಣಿಕತೆಯ ಬೆಂಬಲವಿದೆ. ಬರಿಯ ರಸದವನಿಗೆ ಇವೆರಡೂ ಇಲ್ಲ. ರಸದಲ್ಲಿ ಪಾಲು ಪಡೆದವನು ಸಾವಿನಲ್ಲೂ ಪಾಲು ಪಡೆದವನೇ.

ಆದರೆ ಬರಿಯ ರಸ ಯಾವಾಗಲೂ ಆಯ್ಕೆಯಾಗಿರಲಿಲ್ಲ ಎಂಬುದನ್ನು ಮರೆತು ಈ ತೀರ್ಮಾನ ಹೇಳುವುದು ಅನ್ಯಾಯ. ಹೆಚ್ಚಿನ ಮನೆಗಳಲ್ಲಿ ತುಂಡು ಗಂಡಸರ ತಾಟಿಗೆ ಹೋಗಿ, ಬಡಿಸಿದ ಹೆಂಗಸರಿಗೆ ಕೊನೆಗೆ ಉಳಿದದ್ದು ರಸ ಮತ್ತು ಎಲುಬು. ಊರಿನ ಹಂಚಿಕೆಯಲ್ಲಿಯೂ ಹಾಗೆಯೇ. ಮೇಲಿನವರಿಗೆ ತೊಡೆ, ಕೆಳಗಿನವರಿಗೆ ಕರುಳು, ಕಾಲು, ತೆಳ್ಳಗಾದ ಸಾರು. ರಸ್ಸಾ ಎಲ್ಲರಿಗೂ ಸಿಗುತ್ತದೆ ಎಂಬ ಹೆಮ್ಮೆಯ ಅಡಿಯಲ್ಲಿ ಈ ಏರುಪೇರು ಮುಚ್ಚಿಹೋಗುತ್ತದೆ. ಇನ್ನೂ ಕೆಳಗೆ, ಸತ್ತ ದನದ ಮಾಂಸವನ್ನು ಹೊತ್ತು ತಿನ್ನುವುದನ್ನು ಜಾತಿಯ ಕಟ್ಟುಪಾಡಾಗಿಸಿದ್ದ ವ್ಯವಸ್ಥೆ ಇತ್ತು. 1927ರ ಮಾರ್ಚ್‌ನಲ್ಲಿ ಮಹಾಡ್‌ನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅಂಥ ಮಾಂಸವನ್ನು ಬಿಡಬೇಕೆಂದು ತಮ್ಮ ಜನರಿಗೆ ಕರೆ ಕೊಟ್ಟರು.

ಅಮೃತಚಂದ್ರರು ಸತ್ತ ಎತ್ತಿನ ಮಾಂಸ ಬೇಡವೆಂದದ್ದು ನಿಗೋದಗಳ ಕಾರಣಕ್ಕೆ, ಅಂಬೇಡ್ಕರರು ಬೇಡವೆಂದದ್ದು ಮನುಷ್ಯನ ಘನತೆಯ ಕಾರಣಕ್ಕೆ. ತಿನ್ನುವವನ ಪಾಪವನ್ನು ಅಳೆಯುವ ಶಾಸ್ತ್ರಗಳು, ಅವನಿಗೆ ಬೇರೆ ತುತ್ತು ಸಿಗದಂತೆ ಮಾಡಿದವರ ಪಾಪವನ್ನು ಅಳೆಯಲು ಮನಸ್ಸು ಮಾಡಲಿಲ್ಲ. ಮನುವಿನ ಎಂಟು ಜನರ ಪಟ್ಟಿಯಲ್ಲಿ ಹಂಚಿಕೆಯನ್ನು ನಿರ್ಧರಿಸಿದವನ ಹೆಸರು ಇರಬೇಕಾಗಿತ್ತು.

ದಿನದ ಬದುಕಿನಲ್ಲಿ ಈ ಗಡಿಗಳನ್ನು ಕಾಯುವುದು ಪಾತ್ರೆಗಳು. ಮಿಶ್ರ ಊರುಗಳಲ್ಲಿ ಮಟನ್ನಿನ ಪಾತ್ರೆ, ಸೌಟುಗಳು ಬೇರೆ ಇರುತ್ತವೆ, ಎಷ್ಟೋ ಮನೆಗಳಲ್ಲಿ ಅದರ ಒಲೆ ಹಿತ್ತಲಿಗೆ ಹೋಗುತ್ತದೆ. ಸೋಮವಾರ, ಶ್ರಾವಣ, ಏಕಾದಶಿಗೆ ಬಿಡುವವರಿದ್ದಾರೆ. ಜೈನ ನೆರೆಯವರ ಪರ್ಯುಷಣದಲ್ಲಿ ತಾವೂ ತಡೆದುಕೊಳ್ಳುವ ಮನೆಗಳಿವೆ. ಹೆದ್ದಾರಿಯ ಖಾನಾವಳಿಗಳಲ್ಲಿ ಈ ಕಾವಲು ಸಡಿಲ. ಮಟನ್ ತಾಟಿನ ಜೊತೆ ಬೇಕೆಂದಷ್ಟು ತಾಂಬಡಾ, ಪಾಂಢರಾ ಸುರಿಯುವ ಕಡೆ ಒಂದೇ ಸೌಟು ಎಲ್ಲ ಪಾತ್ರೆಗೂ ಇಳಿಯಬಹುದು. ಸಸ್ಯಾಹಾರಿ ಗಿರಾಕಿ ಸುಪ್ಪಿಯಾಳ ಕಥೆಯ ಭಿಕ್ಷುವಿನ ಸ್ಥಾನದಲ್ಲಿ ಕೂತಿರುತ್ತಾನೆ, ಕೇಳದೆ ಅವನಿಗೆ ಬೇರೆ ದಾರಿಯಿಲ್ಲ.

ಪೊಟ್ಟಣದ ಆಹಾರಕ್ಕೆ ಕೇಳುವ ಈ ಕೆಲಸವನ್ನು ಈಗ ಕಾನೂನು ಮಾಡುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ ಪ್ರಾಣಿಯ ಯಾವುದೇ ಭಾಗ ಅಥವಾ ಪ್ರಾಣಿಮೂಲದ ಯಾವುದೇ ಪದಾರ್ಥ ಕೂಡಿದ್ದರೂ ಅದು ಮಾಂಸಾಹಾರವೇ, ಹಸಿರು ಗುರುತಿನ ಬದಲು ಕಂದು ಗುರುತು ಹಾಕಬೇಕು. ಎಲುಬಿನಿಂದ ತೆಗೆದ ಜೆಲಟಿನ್ ಇರುವ ಮಿಠಾಯಿ, ಮಾಂಸದ ಸಾರಿನ ಪುಡಿ ಇರುವ ಸೂಪು ಇದರಲ್ಲಿ ಬರುತ್ತವೆ. ರಸದ ಪ್ರಶ್ನೆಯಲ್ಲಿ ಆಧುನಿಕ ಕಾನೂನು ಅಮೃತಚಂದ್ರರ ಪಕ್ಷದಲ್ಲಿದೆ, ಆಕಾರಕ್ಕೆ ಅದು ಬೆಲೆ ಕೊಡುವುದಿಲ್ಲ. ಅದೇ ನಿಯಮ ಹಾಲನ್ನೂ ಜೇನನ್ನೂ ಸಸ್ಯಾಹಾರದ ಕಡೆಗೆ ಬಿಟ್ಟಿದೆ. ಜೇನಿನಲ್ಲಿ ಶ್ರಾವಕನ ಗಡಿ ಕಾನೂನಿನ ಗಡಿಯಿಂದ ಬೇರೆಯಾಗುತ್ತದೆ. ಶೇಡಬಾಳದ ಮೂಲಗುಣಧಾರಿ ಮನೆಯಲ್ಲಿ ಹಸಿರು ಗುರುತಿನ ಜೇನಿನ ಸೀಸೆಗೂ, ಕಂದು ಗುರುತಿನ ಸೂಪಿನ ಪೊಟ್ಟಣಕ್ಕೂ ಸಮಾನವಾಗಿ ಪ್ರವೇಶವಿಲ್ಲ.